ಪ್ಯಾರಾಸಿಟಿಕ್ ಡ್ರೇನ್: ನಿಂತ ಕಾರಿನ ಬಂದಳಿಕೆ

ಹಳೇ ಮಾವಿನ ಮರ ಇರುವ ಮನೆಯವರಿಗೆ ಬಂದಳಿಕೆಯ ಕಾಟ ಗೊತ್ತಿರುತ್ತದೆ. ಕೊಂಬೆಯೊಳಗೇ ಬೇರಿಳಿಸಿ, ಮರದ ನೀರನ್ನೇ ಹೀರಿಕೊಂಡು ಹಸಿರಾಗಿರುವ ಗಿಡ ಅದು. ಆಟೋ ಎಲೆಕ್ಟ್ರಿಷಿಯನ್‌ಗಳು ಹೇಳುವ ‘ಪ್ಯಾರಾಸಿಟಿಕ್ ಡ್ರೇನ್’ ಕಾರಿನೊಳಗಿನ ಬಂದಳಿಕೆ. ಎಂಜಿನ್ ಆಫ್ ಆಗಿ, ಕೀ ನಿಮ್ಮ ಜೇಬು ಸೇರಿದ ಮೇಲೂ ಯಾವುದೋ ಒಂದು ಸಾಧನ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುವುದಕ್ಕೆ ಈ ಹೆಸರು. ಮೂಲದ ಗ್ರೀಕ್ ಪದಕ್ಕೆ ಇನ್ನೊಬ್ಬರ ಊಟದ ಮೇಜಿನಲ್ಲಿ ಕೂತು ಉಣ್ಣುವವನು ಎಂದರ್ಥ.

ಸ್ವಲ್ಪ ಎಳೆತ ಎಲ್ಲ ಕಾರುಗಳಲ್ಲೂ ಇರುತ್ತದೆ. ಗಡಿಯಾರ, ರಿಮೋಟ್ ಲಾಕ್, ಅಲಾರಂ, ಎಂಜಿನ್ ಕಂಪ್ಯೂಟರಿನ ನೆನಪು ಇವೆಲ್ಲ ಬದುಕಿರಬೇಕಲ್ಲ. ಸಾಮಾನ್ಯವಾಗಿ 50 ಮಿಲಿಆಂಪಿನ, ಅಂದರೆ 0.05 ಆಂಪಿನ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಹುಡುಕಲೇಬೇಕು.

ನನಗೆ ಈ ಪದ ಪರಿಚಯವಾಗಿದ್ದು ನಮ್ಮದೇ ಪೆಟ್ರೋಲ್ ಕಾರಿನಿಂದ. ಹೊರಗಡೆ ಒಂದು ಅಂಗಡಿಯಲ್ಲಿ ಸ್ಟೀರಿಯೋ, ಸೀಟಿನ ಕೆಳಗೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಹಾಕಿಸಿದ್ದೆವು. ಶುಕ್ರವಾರ ಸಂಜೆ ನಿಲ್ಲಿಸಿದ ಕಾರು ಸೋಮವಾರ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್. ಬ್ಯಾಟರಿ ಹೋಗಿದೆ ಎಂದರು, 35 ಆಂಪಿಯರ್ ಅವರ್‌ನ (ಗಂಟೆಗೆ ಒಂದು ಆಂಪ್ ಎಳೆದರೆ ಸುಮಾರು 35 ಗಂಟೆ ಬಾಳುವ) ಹೊಸದನ್ನು ಹಾಕಿಸಿದೆವು. ಮೂರು ವಾರಕ್ಕೆ ಅದೇ ಕಥೆ.

ಈ ಪದ ತಿಳಿದಿರಬೇಕಾದ್ದು ಇಂಥ ಹೊತ್ತಿಗೇ. ಬ್ಯಾಟರಿ ಹಾಳಾಗುವುದೇ ಬೇರೆ, ಬ್ಯಾಟರಿ ಖಾಲಿಯಾಗುವುದೇ ಬೇರೆ. ಎರಡರಲ್ಲೂ ಕಾರು ಸ್ಟಾರ್ಟ್ ಆಗುವುದಿಲ್ಲವಾದ್ದರಿಂದ ಜನ ಮೊದಲು ಬ್ಯಾಟರಿಯನ್ನೇ ಬದಲಾಯಿಸುತ್ತಾರೆ. ಹೀರುವುದು ಒಳಗೇ ಉಳಿದಿದ್ದರೆ ಹೊಸದೂ ಖಾಲಿಯಾಗುತ್ತದೆ. ಪದೇ ಪದೇ ಪೂರ್ತಿ ಇಳಿದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಖಾಲಿಯಾಗುತ್ತಿದ್ದ ಬ್ಯಾಟರಿ ಕೊನೆಗೆ ನಿಜವಾಗಿಯೂ ಹಾಳಾಗುತ್ತದೆ.

ನಮಗೆ ಸಿಕ್ಕ ಎಲೆಕ್ಟ್ರಿಷಿಯನ್ ವಯಸ್ಸಾದವರು. ಮೊದಲು ಎಂಜಿನ್ ಓಡಿಸಿ ಬ್ಯಾಟರಿ ತುದಿಗಳಲ್ಲಿ ವೋಲ್ಟೇಜ್ ನೋಡಿದರು: 14.1. ‘ಆಲ್ಟರ್ನೇಟರ್ ಚಾರ್ಜ್ ಮಾಡ್ತಿದೆ ಸಾರ್, ಅದರ ತಪ್ಪಲ್ಲ’ ಅಂದರು. ಆಮೇಲೆ ಎಂಜಿನ್ ಆಫ್ ಮಾಡಿ, ನೆಗೆಟಿವ್ ಟರ್ಮಿನಲ್ ಕಳಚಿ, ಆ ವೈರಿಗೂ ಬ್ಯಾಟರಿಗೂ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರನ್ನು 10 ಆಂಪಿನ ಸಾಕೆಟ್ಟಿನಲ್ಲಿ ಸೇರಿಸಿದರು. ಮೀಟರ್ ಹೀಗಿದ್ದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಬಾಗಿಲುಗಳನ್ನೆಲ್ಲ ಮುಚ್ಚಿಸಿ ಅರ್ಧ ಗಂಟೆ ಕಾಯಿಸಿದರು. ಕಾರಿನ ಕಂಪ್ಯೂಟರುಗಳು ನಿದ್ದೆಗೆ ಜಾರುವ ಮುಂಚೆ ನೋಡಿದ ಅಂಕಿಯನ್ನು ನಂಬುವಂತಿಲ್ಲ.

ಅರ್ಧ ಗಂಟೆಯ ಮೇಲೂ ಮೀಟರಿನಲ್ಲಿ 0.48. ಅಂದರೆ ಅರ್ಧ ಆಂಪಿಗೆ ಹತ್ತಿರ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಗೆ 60 ಗಂಟೆ. 60 ಗಂಟೆಗೆ ಸುಮಾರು 29 ಆಂಪಿಯರ್ ಅವರ್. 35ರಲ್ಲಿ 29 ಹೋದರೆ ಸೆಲ್ಫ್ ಎತ್ತಲು ಏನು ಉಳಿಯುತ್ತದೆ?

ಫ್ಯೂಸ್ ಡಬ್ಬಿಯಿಂದ ಒಂದೊಂದೇ ಫ್ಯೂಸ್ ಕೀಳುತ್ತಾ ಹೋದರು. ಅಂಕಿ ದೊಡ್ಡದಾಗಿ ಇಳಿಯಲೇ ಇಲ್ಲ. ನಾನು ಸೋತೆವು ಅಂದುಕೊಂಡೆ, ಅವರು ಮಾತ್ರ ಬಾನೆಟ್ಟಿನ ಕಡೆ ಬಂದರು. ಹೊರಗೆ ಹಾಕಿಸಿದ ಆಂಪ್ಲಿಫೈಯರಿನ ದಪ್ಪ ವೈರ್ ನೇರ ಬ್ಯಾಟರಿಯಿಂದಲೇ ಹೋಗುತ್ತದೆ, ಅದರ ಫ್ಯೂಸೂ ಅಲ್ಲೇ ಪಕ್ಕದಲ್ಲಿರುತ್ತದೆ, ಕಾರಿನ ಫ್ಯೂಸ್ ಡಬ್ಬಿಗೆ ಅದರ ಸಂಬಂಧವೇ ಇಲ್ಲ. ಅದನ್ನು ಕಿತ್ತದ್ದೇ ತಡ, ಮೀಟರ್ 0.03ಕ್ಕೆ ಬಿತ್ತು. ‘ಕೈ ಇಟ್ಟು ನೋಡಿ’ ಅಂದರು. ಸೀಟಿನ ಕೆಳಗೆ ಆಂಪ್ಲಿಫೈಯರ್ ಇನ್ನೂ ಬೆಚ್ಚಗಿತ್ತು. ಹಾಡಿಲ್ಲ, ಕೀ ಇಲ್ಲ, ಆದರೂ ಬೆಚ್ಚಗೆ.

ಹೀಗಾಗಲು ಕಾರಣ ಅರಿಯಬೇಕಾದರೆ ಸ್ಟೀರಿಯೋದ ಹಿಂದಿನ ವೈರುಗಳನ್ನು ನೋಡಬೇಕು. ಹೊರಗೆ ಸಿಗುವ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಸದಾ ಕರೆಂಟ್ ಇರಬೇಕು, ಗಡಿಯಾರ ಮತ್ತು ಸ್ಟೇಷನ್‌ಗಳ ನೆನಪಿಗಾಗಿ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ನೀಲಿ-ಬಿಳಿ ವೈರ್ ಆಂಪ್ಲಿಫೈಯರನ್ನು ಎಬ್ಬಿಸುವುದು, ಮಲಗಿಸುವುದು. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನ್ ಹುಡುಕುವ ತಾಪತ್ರಯ ಬೇಡವೆಂದು ಕೆಲವರು ಕೆಂಪು, ಹಳದಿ ಎರಡನ್ನೂ ಸೇರಿಸಿ ತಿರುಚಿಬಿಡುತ್ತಾರೆ. ಆಗ ಕಾರು ಆಫ್ ಆಗಿದೆ ಎಂದು ಸೆಟ್ಟಿಗೆ ತಿಳಿಯುವುದೇ ಇಲ್ಲ. ನಮ್ಮದರಲ್ಲಿ ನೀಲಿ-ಬಿಳಿಯನ್ನೇ ಹಳದಿಗೆ ಸುತ್ತಿ ಟೇಪ್ ಹಾಕಿದ್ದರು. ಆಂಪ್ಲಿಫೈಯರಿಗೆ ರಾತ್ರಿಯೇ ಇರಲಿಲ್ಲ. ಆದರೆ ಕಾರಿನ ಕಡೆಯ ವೈರುಗಳ ಬಣ್ಣ ಒಂದೊಂದು ಕಂಪನಿಗೆ ಒಂದೊಂದು ಥರ, ಹಾಗಾಗಿ ಬಣ್ಣ ನಂಬದೆ ಮೀಟರ್ ಇಟ್ಟೇ ನೋಡಬೇಕು.

ಮಾಮೂಲಿ ಎಳೆತವೂ ಕಾರು ತಿಂಗಳುಗಟ್ಟಲೆ ನಿಂತರೆ ಹಗುರವಲ್ಲ. 30 ಮಿಲಿಆಂಪ್ ಎಂದರೂ 30 ದಿನಕ್ಕೆ ಸುಮಾರು 22 ಆಂಪಿಯರ್ ಅವರ್. ದೂರದೂರಿಗೆ ಹೋಗುವವರು ನೆಗೆಟಿವ್ ಟರ್ಮಿನಲ್ ಕಳಚಿಟ್ಟು ಹೋಗುವುದು ಇದಕ್ಕೇ.

ವೈರ್ ಸರಿಮಾಡಲು ಹಿಡಿದದ್ದು ಇಪ್ಪತ್ತು ನಿಮಿಷ. ಮರುದಿನ ಬೆಳಿಗ್ಗೆ ಎದ್ದವನೇ ಸೀಟಿನ ಕೆಳಗೆ ಕೈ ಹಾಕಿದೆ. ಆಂಪ್ಲಿಫೈಯರ್ ತಣ್ಣಗಿತ್ತು.