ಕ್ಯಾನ್ಸರ್ ರೋಗಿಯ ತಟ್ಟೆ-ಲೋಟ ಬೇರೆ ಇಡಬೇಕೇ?

ಪ್ರಶ್ನೆ: ಹೆಪಟೈಟಿಸ್ ಬಿ ವೈರಸ್‌ನಿಂದ ಲಿವರ್ ಕ್ಯಾನ್ಸರ್ ಬರುತ್ತದೆ ಎಂದು ವೈದ್ಯರೇ ಹೇಳುತ್ತಾರೆ. ವೈರಸ್ ಅಂಟುವಂಥದ್ದಾದ ಮೇಲೆ ಅದರಿಂದ ಬಂದ ಕ್ಯಾನ್ಸರ್ ಕೂಡ ಅಂಟುವುದಿಲ್ಲವೇ? ಮನೆಯಲ್ಲಿರುವ ರೋಗಿಯ ತಟ್ಟೆ-ಲೋಟವನ್ನು ಬೇರೆ ಇಡಬೇಕೇ?

ಉತ್ತರ: ಬೇಡ. ಎಚ್‌ಪಿವಿ ಎಂಬ ವೈರಸ್‌ನಿಂದ ಬರುವ ಗರ್ಭಕೊರಳಿನ ಕ್ಯಾನ್ಸರ್ ಕುರಿತೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದಕ್ಕೂ ಇದೇ ಉತ್ತರ. ಆದರೆ ಎಷ್ಟು ಸಲ ‘ಬೇಡ’ ಎಂದರೂ ತಟ್ಟೆ ಬೇರೆಯಾಗುವುದು ನಿಂತಿಲ್ಲವಾದ್ದರಿಂದ, ಈ ಸಲ ಕಾರಣವನ್ನು ಬುಡದಿಂದಲೇ ವಿವರಿಸುತ್ತೇನೆ.

ವೈರಸ್ ಒಳಹೊಕ್ಕ ಕೂಡಲೇ ಜೀವಕೋಶ ಕ್ಯಾನ್ಸರಾಗಿ ಬದಲಾಗುತ್ತದೆ ಎಂಬ ಕಲ್ಪನೆಯೇ ಈ ಭಯದ ಮೂಲ. ನಡೆಯುವುದು ಹಾಗಲ್ಲ. ಹೆಪಟೈಟಿಸ್ ಬಿ ವೈರಸ್ ಲಿವರಿನ ಕೋಶಗಳನ್ನು ತಾನಾಗಿ ಕೊಲ್ಲುವುದು ಕಡಿಮೆ. ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಕೊಲ್ಲುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಸತ್ತ ಕೋಶಗಳ ಜಾಗವನ್ನು ತುಂಬಲು ಉಳಿದವು ವಿಭಜನೆಗೊಳ್ಳುತ್ತವೆ, ಅವುಗಳಿಗೂ ಸೋಂಕು ತಗಲುತ್ತದೆ, ಮತ್ತೆ ದಾಳಿ ನಡೆಯುತ್ತದೆ. ಈ ಸಾವು-ಹುಟ್ಟಿನ ಚಕ್ರ ಹತ್ತಾರು ವರ್ಷ ಎಡೆಬಿಡದೆ ತಿರುಗುವಾಗ ಲಿವರಿನ ನಕ್ಷತ್ರಾಕಾರದ ಕೋಶಗಳು ಎಚ್ಚೆತ್ತು ಕೊಲಾಜೆನ್ ಎಂಬ ನಾರನ್ನು ಸುರಿಯತೊಡಗುತ್ತವೆ. ಮೃದುವಾದ ಅಂಗಾಂಶ ಗಟ್ಟಿಯಾಗುತ್ತದೆ, ರಕ್ತದ ಹರಿವಿನ ದಾರಿ ಬದಲಾಗುತ್ತದೆ, ಕೊನೆಗೆ ಸಿರೋಸಿಸ್ ಎನ್ನುವ ಸ್ಥಿತಿ ಬರುತ್ತದೆ. ಉರಿಯೂತದಲ್ಲಿ ಹೊಮ್ಮುವ ರಾಸಾಯನಿಕಗಳು ಡಿಎನ್‌ಎಗೆ ಹಾನಿ ಮಾಡುತ್ತವೆ, ಗಾಯ ಮಾಯಿಸಲೆಂದು ಬರುವ ಸಂಕೇತಗಳು ಹಾನಿಗೊಂಡ ಕೋಶಗಳಿಗೂ ‘ಬೆಳೆ’ ಎಂದೇ ಹೇಳುತ್ತವೆ. ಇದರ ಜೊತೆಗೆ ಹೆಪಟೈಟಿಸ್ ಬಿ ತನ್ನ ಡಿಎನ್‌ಎಯ ತುಣುಕುಗಳನ್ನು ನಮ್ಮ ಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡಬಲ್ಲದು. ಹಾಗಾಗಿ ಸಿರೋಸಿಸ್ ಇಲ್ಲದೆಯೂ ಕೆಲವರಿಗೆ ಕ್ಯಾನ್ಸರ್ ಬರುತ್ತದೆ. ಹೆಪಟೈಟಿಸ್ ಸಿ ವೈರಸ್ ಹಾಗೆ ಸೇರಿಸುವುದಿಲ್ಲ, ಅದರದು ಆರ್‌ಎನ್‌ಎ. ಆದರೂ ಅದು ಲಿವರ್ ಕ್ಯಾನ್ಸರಿಗೆ ಕಾರಣವಾಗುತ್ತದೆ, ಬಹುಪಾಲು ಸಿರೋಸಿಸ್‌ನ ದಾರಿಯಲ್ಲೇ. ಸುತ್ತಲಿನ ಅಂಗಾಂಶ ಕೆಡುವುದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನೂ ಸ್ಪಷ್ಟವಾದ ಸಾಕ್ಷಿ ಕೋಳಿಗಳಿಂದ ಬಂದಿದೆ. ಕೋಳಿಯ ಗಡ್ಡೆಯನ್ನು ಅರೆದು, ಕೋಶಗಳೆಲ್ಲ ಹೊರಗುಳಿಯುವಂತೆ ಸೋಸಿದ ದ್ರವವೂ ಇನ್ನೊಂದು ಕೋಳಿಯಲ್ಲಿ ಗಡ್ಡೆ ಎಬ್ಬಿಸುತ್ತದೆ ಎಂದು ಪೇಟನ್ ರೌಸ್ 1911ರಲ್ಲಿ ತೋರಿಸಿದರು. ಆ ದ್ರವದಲ್ಲಿದ್ದದ್ದು ಒಂದು ವೈರಸ್. ಈ ಶೋಧಕ್ಕೆ ನೊಬೆಲ್ ಸಿಕ್ಕಿದ್ದು 1966ರಲ್ಲಿ. ‘ನೋಡಿ, ಕ್ಯಾನ್ಸರ್ ಅಂಟಿತಲ್ಲ’ ಎನ್ನುವವರು ಇಲ್ಲಿಗೇ ನಿಂತುಬಿಡುತ್ತಾರೆ. ಮುಂದಿನದನ್ನು ಓದಬೇಕು. 1980ರ ದಶಕದಲ್ಲಿ ಮೀನಾ ಬಿಸೆಲ್ ಮತ್ತು ಸಂಗಡಿಗರು ಅದೇ ವೈರಸನ್ನು ಮೊಟ್ಟೆಯೊಳಗಿನ ಭ್ರೂಣಕ್ಕೆ ಚುಚ್ಚಿದಾಗ ಸೋಂಕು ಹರಡಿತು, ಆದರೆ ಗಡ್ಡೆ ಏಳಲಿಲ್ಲ. ಅವೇ ಕೋಶಗಳನ್ನು ಬಿಡಿಸಿ ಪ್ರಯೋಗಾಲಯದ ಬಟ್ಟಲಿನಲ್ಲಿ ಬೆಳೆಸಿದೊಡನೆ ಅವು ಕ್ಯಾನ್ಸರ್ ಕೋಶಗಳಂತೆ ವರ್ತಿಸಿದವು. ಹುಟ್ಟಿದ ಕೋಳಿಮರಿಗಳಲ್ಲಿ ವೈರಸ್ ರಕ್ತದಲ್ಲೆಲ್ಲ ಹರಿಯುತ್ತಿದ್ದರೂ ಗಡ್ಡೆ ಎದ್ದದ್ದು ಸೂಜಿ ಚುಚ್ಚಿದ ಜಾಗದಲ್ಲಿ ಮಾತ್ರ. ಚುಚ್ಚದ ಇನ್ನೊಂದು ರೆಕ್ಕೆಗೆ ಗಾಯ ಮಾಡಿದಾಗ ಅಲ್ಲಿಯೂ ಎದ್ದಿತು. ಅದೇ ವೈರಸ್, ಅದೇ ಕೋಳಿ. ವ್ಯತ್ಯಾಸವಿದ್ದದ್ದು ಗಾಯ ಮಾಯುತ್ತಿದ್ದ ಅಂಗಾಂಶದಲ್ಲಿ. ಕ್ಯಾನ್ಸರ್ ಸಂಶೋಧನೆಯಲ್ಲಿ ಇಷ್ಟು ನಿಚ್ಚಳವಾದ ಪ್ರಯೋಗಗಳು ವಿರಳ.

ಈಗ ತಟ್ಟೆಯ ವಿಚಾರ. ರೋಗಿಯ ಕ್ಯಾನ್ಸರ್ ಕೋಶವೊಂದು ಹೇಗೋ ನಿಮ್ಮ ದೇಹ ಸೇರಿತು ಎಂದೇ ಇಟ್ಟುಕೊಳ್ಳೋಣ. ಅದು ಬೇರೊಬ್ಬರ ಕೋಶ. ಹೊಂದಾಣಿಕೆ ನೋಡಿ ಕಸಿ ಮಾಡಿದ ಕಿಡ್ನಿಯನ್ನೇ ಔಷಧಿಯ ಬಲವಿಲ್ಲದೆ ಉಳಿಸಿಕೊಳ್ಳದ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಸುಮ್ಮನೆ ಬಿಡುವುದಿಲ್ಲ. ದಾನಿಯಲ್ಲಿ ಅಡಗಿದ್ದ ಕ್ಯಾನ್ಸರ್ ಅಂಗ ಕಸಿಯ ಮೂಲಕ ದಾಟಿದ ಅಪರೂಪದ ಪ್ರಸಂಗಗಳಿವೆ ನಿಜ, ಆದರೆ ಆ ರೋಗಿಗಳ ಪ್ರತಿರೋಧವನ್ನು ಔಷಧಿಯಿಂದಲೇ ತಗ್ಗಿಸಲಾಗಿತ್ತು. ಕೋಶವಲ್ಲ, ಅದರೊಳಗಿನ ವೈರಸ್ ದಾಟೀತು ಎನ್ನುವಿರಾದರೆ, ಗರ್ಭಕೊರಳಿನ ಕ್ಯಾನ್ಸರನ್ನೇ ನೋಡಿ. ಅಲ್ಲಿ ಎಚ್‌ಪಿವಿಯ ಡಿಎನ್‌ಎ ಬಹಳ ಸಲ ಮುರಿದು ಕೋಶದ ಡಿಎನ್‌ಎಯೊಳಗೆ ಸೇರಿಹೋಗಿರುತ್ತದೆ. ವೈರಸ್ಸಿನ ಇ6 ಮತ್ತು ಇ7 ಎಂಬ ಎರಡು ಪ್ರೋಟೀನುಗಳು ಕೋಶದ ಕಾವಲುಗಾರ ಪ್ರೋಟೀನುಗಳನ್ನು ಕೆಡಿಸುತ್ತ ಉಳಿಯುತ್ತವೆಯೇ ಹೊರತು, ಕ್ಯಾನ್ಸರ್ ಕೋಶದಿಂದ ಹೊಸ ವೈರಸ್ ಸಾಮಾನ್ಯವಾಗಿ ಹೊರಬರುವುದೇ ಇಲ್ಲ. ಎಚ್‌ಪಿವಿ ಸೋಂಕು ಬಂದವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ನಿವಾರಿಸಿಕೊಳ್ಳುತ್ತದೆ. ಉಳಿದುಕೊಂಡ ಕೆಲವರಲ್ಲಿಯೂ ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಪ್‌ಸ್ಟೀನ್-ಬಾರ್ ವೈರಸ್ ಜಗತ್ತಿನ ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಯ ದೇಹದಲ್ಲಿದೆ, ಅದರಿಂದ ಕ್ಯಾನ್ಸರ್ ಬರುವುದು ತೀರಾ ಕೆಲವರಿಗೆ. ಇನ್ನು ಹೆಪಟೈಟಿಸ್ ಬಿ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ. ಒಟ್ಟಿಗೆ ಕೂತು ಉಂಡರೆ, ತಬ್ಬಿಕೊಂಡರೆ ಹರಡುವುದಿಲ್ಲ. ಕ್ಯಾನ್ಸರ್ ಪತ್ತೆಯಾದ ಹೊತ್ತಿಗೆ ಆ ವೈರಸ್ ಎಷ್ಟೋ ಸಲ ಬಾಲ್ಯದಿಂದಲೇ ಆ ದೇಹದಲ್ಲಿರುತ್ತದೆ. ಅಷ್ಟು ವರ್ಷ ಒಂದೇ ಪಂಕ್ತಿಯಲ್ಲಿ ಉಂಡು, ವರದಿ ಬಂದ ದಿನ ತಟ್ಟೆ ಬೇರೆ ಮಾಡಿದರೆ ರೋಗಿಯ ಮನಸ್ಸಿಗೆ ನೋವಾಗುವುದು ಬಿಟ್ಟು ಬೇರೇನೂ ಆಗುವುದಿಲ್ಲ.

ಮನೆಯವರು ಮಾಡಬೇಕಾದ ಕೆಲಸ ಬೇರೆ ಇದೆ. ರೋಗಿಗೆ ಹೆಪಟೈಟಿಸ್ ಬಿ ಇದ್ದರೆ ಉಳಿದವರೆಲ್ಲ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು, ಸೋಂಕು ಇಲ್ಲದೆ ರಕ್ಷಣೆಯೂ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು, ರೇಜರ್ ಮತ್ತು ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳಬಾರದು. ನವಜಾತ ಶಿಶುವಿಗೆ 24 ಗಂಟೆಯೊಳಗೆ ಲಸಿಕೆ ಹಾಕಿಸಿ ಎಂದು ಒತ್ತಾಯಿಸುವುದೂ ಇದಕ್ಕಾಗಿಯೇ: ಹಸುಗೂಸಿಗೆ ತಗುಲಿದ ಸೋಂಕು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ಬಹುಕಾಲ ಉಳಿದುಬಿಡುತ್ತದೆ, ವಯಸ್ಕರಲ್ಲಿ ಹಾಗಾಗುವುದು ಶೇ 5ಕ್ಕಿಂತ ಕಡಿಮೆ. ತೈವಾನ್ 1984ರಲ್ಲಿ ಶಿಶುಗಳಿಗೆ ಈ ಲಸಿಕೆ ಆರಂಭಿಸಿದ ಬಳಿಕ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು.

ಯಾರೂ ಕೇಳದಿದ್ದರೂ ಹೇಳಬೇಕಾದ ಒಂದು ವಿಷಯವಿದೆ: ನಿಜವಾಗಿಯೂ ಅಂಟುವ ಕ್ಯಾನ್ಸರುಗಳು ಪ್ರಾಣಿಗಳಲ್ಲಿವೆ, ಮತ್ತು ಅಲ್ಲಿ ವೈರಸ್ಸಿನ ಪಾತ್ರವೇ ಇಲ್ಲ. ಟಾಸ್ಮೇನಿಯನ್ ಡೆವಿಲ್ ಎಂಬ ಆಸ್ಟ್ರೇಲಿಯದ ಪ್ರಾಣಿಗಳು ಪರಸ್ಪರ ಮುಖ ಕಚ್ಚಿಕೊಳ್ಳುವಾಗ ಗಡ್ಡೆಯ ಜೀವಂತ ಕೋಶಗಳೇ ದಾಟುತ್ತವೆ. ಈ ರೋಗ ಮೊದಲು ಕಣ್ಣಿಗೆ ಬಿದ್ದದ್ದು 1996ರಲ್ಲಿ. ನಮ್ಮ ಬೀದಿನಾಯಿಗಳ ಜನನಾಂಗದಲ್ಲಿ ಕಾಣುವ, ಪಶುವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಗಡ್ಡೆಯೂ ಇದೇ ಜಾತಿಯದು. ಸಾವಿರಾರು ವರ್ಷಗಳ ಹಿಂದೆ ಒಂದು ನಾಯಿಯಲ್ಲಿ ಹುಟ್ಟಿದ ಕೋಶಗಳ ಸಂತತಿ, ತನ್ನ ಗುರುತಿನ ಪ್ರೋಟೀನುಗಳನ್ನು ಮರೆಮಾಚಿ ಪ್ರತಿರೋಧವನ್ನು ತಪ್ಪಿಸಿಕೊಳ್ಳುತ್ತ, ಸಂಗಮದ ಮೂಲಕ ನಾಯಿಯಿಂದ ನಾಯಿಗೆ ದಾಟಿ ಇಂದಿಗೂ ಬದುಕಿದೆ. ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿಗೆ ಅದು ಬಹುತೇಕ ಕರಗುತ್ತದೆ. ಮನುಷ್ಯರಿಗೆ ಅದು ಹರಡುವುದಿಲ್ಲ, ಆದ್ದರಿಂದ ಅಂಥ ನಾಯಿಯನ್ನು ಹೊಡೆದಟ್ಟದೆ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.