ನೀಲಿ ಹೆಚ್ಚಾದ ಪಂಚೆ

ಪೊರೆ ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿದರೆ ಹೆಚ್ಚಿನವರು ಮೊದಲು ಗೋಡೆಯ ಗಡಿಯಾರ ನೋಡುತ್ತಾರೆ. ಈ ಅಜ್ಜಿ ನೋಡಿದ್ದು ಎದುರಿಗೆ ನಿಂತಿದ್ದ ಯಜಮಾನರ ಪಂಚೆಯನ್ನು. "ಇದೇನ್ರೀ, ಇಷ್ಟೊಂದು ನೀಲಿ!"

"ಹಾಕಿದ್ದು ನೀನೇ ಕಣೇ. ಎರಡು ವರ್ಷದಿಂದ ಹೀಗೇ ಉಡ್ತಿದೀನಿ" ಅಂದರು ಅವರು. ಬಿಳಿ ಬಟ್ಟೆ ನೀಲಿಗೆ ಅದ್ದುವ ಕೆಲಸ ಆ ಮನೆಯಲ್ಲಿ ಅಜ್ಜಿಯದೇ. ಸೊಸೆ ಹೇಳಿದರೂ ಕೇಳುತ್ತಿರಲಿಲ್ಲವಂತೆ.

ಅಜ್ಜಿಯ ಹಟ ಎಷ್ಟಿತ್ತೋ ಕಾಣೆ, ಕಣ್ಣಿನ ಪಾಲಂತೂ ಇತ್ತು. ಎಳೆತನದಲ್ಲಿ ತಿಳಿನೀರಿನಂತಿರುವ ಕಣ್ಣೊಳಗಿನ ಮಸೂರ, ಅಂದರೆ ಲೆನ್ಸ್, ವಯಸ್ಸಾದಂತೆ ಹಳದಿಗೆ ತಿರುಗುತ್ತದೆ. ಪೊರೆ ಚೆನ್ನಾಗಿ ಬಲಿತರೆ ಡಿಕಾಕ್ಷನ್ ಬಣ್ಣಕ್ಕೂ ಬರುವುದುಂಟು. ನಮಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 380ರಿಂದ 750 ನ್ಯಾನೋಮೀಟರ್. ಹಳದಿ ಮಸೂರ ಇದರಲ್ಲಿ ಗಿಡ್ಡ ಅಲೆಗಳನ್ನು, ಅಂದರೆ ನೇರಳೆ ಮತ್ತು ನೀಲಿಯನ್ನು ಹೆಚ್ಚು ನುಂಗುತ್ತದೆ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಬಣ್ಣಕ್ಕೆಂದೇ ಇರುವ ಮೂರು ಬಗೆಯ ಶಂಕುಕೋಶಗಳ ಪೈಕಿ ನೀಲಿಗೆ ಸ್ಪಂದಿಸುವವು ಮೊದಲೇ ಕಡಿಮೆ, ನೂರಕ್ಕೆ ಹತ್ತರೊಳಗೆ.

ಹಾಗಾದರೆ ಲೋಕವೆಲ್ಲ ಹಳದಿಯಾಗಿದ್ದು ಅಜ್ಜಿಗೆ ಗೊತ್ತಾಗಲಿಲ್ಲವೇ? ಇಲ್ಲ. ಬದಲಾವಣೆ ವರ್ಷಗಟ್ಟಲೆ ಹಿಡಿಯುವುದರಿಂದ ಮಿದುಳು ಅದಕ್ಕೆ ಹೊಂದಿಕೊಂಡು ಬಿಳಿಯನ್ನು ಬಿಳಿ ಅಂತಲೇ ಒಪ್ಪಿಸುತ್ತಿರುತ್ತದೆ. ಆದರೆ ಒಳಗೇ ಬಾರದ ಬೆಳಕನ್ನು ಅದು ಎಲ್ಲಿಂದ ತಂದೀತು? ಬಿಳಿಗೂ ತೆಳು ನೀಲಿಗೂ ಇರುವ ಅಂತರ ಅಳಿಸಿಹೋಗುತ್ತದೆ. ಇನ್ನೂ ಎರಡು ತೊಟ್ಟು ಇರಲಿ ಅನ್ನಿಸುವುದು ಹೀಗೆ.

ಅಂದ ಹಾಗೆ, ಈ ನೀಲಿಯೇನೂ ಬಟ್ಟೆಯನ್ನು ಬೆಳಗುವುದಿಲ್ಲ. ಹಳೆಯ ಹತ್ತಿ ಬಟ್ಟೆ ನೀಲಿ ಬೆಳಕನ್ನು ಹೀರಿ ಹಳದಿ ಕಾಣುತ್ತದೆ. ನಾವು ಅದ್ದುವ ನೀಲಿ ಉಳಿದ ಬಣ್ಣಗಳನ್ನೂ ಒಂದಿಷ್ಟು ಹೀರಿ ಸರಿದೂಗಿಸುತ್ತದೆ. ಬಟ್ಟೆಯಿಂದ ಬರುವ ಬೆಳಕು ಮೊದಲಿಗಿಂತ ಕಮ್ಮಿಯೇ. ಆದರೂ ನಾವದನ್ನು ಹೆಚ್ಚು ಬಿಳಿ ಅನ್ನುತ್ತೇವೆ.

ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬಣ್ಣಗಳೆಲ್ಲ ಏರುಪೇರಾದವೆಂದು ಗೊಣಗಿದ್ದರು. ಆಗ ಪೊರೆ ತೆಗೆದ ಜಾಗಕ್ಕೆ ಕೂರಿಸಲು ಏನೂ ಇರಲಿಲ್ಲ. ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಲೆನ್ಸ್ ಕೂರಿಸಿದ್ದು 1949ರಲ್ಲಿ. ಈಗ ಕೆಲವು ಲೆನ್ಸುಗಳಿಗೆ ಬೇಕೆಂದೇ ತುಸು ಹಳದಿ ಹಾಕಿರುತ್ತಾರೆ. ಅದು ಬೇಕೋ ಬೇಡವೋ ಎಂದು ನಮ್ಮವರಲ್ಲಿ ಜಗಳವಿದೆ. ನನ್ನ ರೋಗಿಗಳಿಗೆ ಯಾವ ಲೆನ್ಸ್ ಹಾಕಿದರೂ ಕೆಲವು ವಾರಗಳಲ್ಲಿ ಒಗ್ಗುತ್ತದೆ.

ಅಜ್ಜಿಯ ಇನ್ನೊಂದು ಕಣ್ಣಿಗೆ ಮುಂದಿನ ತಿಂಗಳು ದಿನ ಕೊಟ್ಟೆ. ಹೊರಡುವಾಗ ಒಂದೊಂದೇ ಕಣ್ಣು ಮುಚ್ಚಿ ನನ್ನ ಬಿಳಿ ಕೋಟು ನೋಡಿದರು. "ಈ ಕಣ್ಣಲ್ಲಿ ಬೆಳ್ಳಗಿದೆ ಡಾಕ್ಟ್ರೇ, ಆ ಕಣ್ಣಲ್ಲಿ ಟೀ ಸೋಸೋ ಬಟ್ಟೆ ಥರ ಇದೆ. ಮೊಮ್ಮಗಳ ಮದುವೆಗೆ ಸೀರೆ ಆರಿಸ್ಬೇಕು, ಯಾವುದನ್ನ ನಂಬ್ಲಿ?"

"ಆಪರೇಷನ್ ಆಗಿರೋದನ್ನ ನಂಬಿ ಅಮ್ಮ. ಸೀರೆನ ಮಾತ್ರ ಅಂಗಡಿ ದೀಪದಲ್ಲಿ ನೋಡ್ಬೇಡಿ, ಬಾಗಿಲ ಹತ್ರ ತರಿಸಿ ಹಗಲು ಬೆಳಕಲ್ಲಿ ನೋಡಿ" ಅಂದೆ.