ಜೇನಿನ ಪಾಕಕ್ಕೆ ಹಸುವಿನ ಮಿನರಲ್ ಮಿಕ್ಸ್ಚರ್ ಬೆರೆಸಬಹುದೇ?

ಓದುಗರ ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಆರು ತುಡುವೆ ಜೇನಿನ ಪೆಟ್ಟಿಗೆಗಳಿವೆ. ಕುಡಿಯಲೆಂದು ಶುದ್ಧ ನೀರಿಟ್ಟರೆ ನೊಣಗಳು ಅತ್ತ ಸುಳಿಯುವುದೂ ಇಲ್ಲ. ಕೊಟ್ಟಿಗೆಯ ಗಂಜಲದ ಚರಂಡಿಗೂ ಬಚ್ಚಲು ನೀರಿಗೂ ಮುತ್ತಿಕೊಳ್ಳುತ್ತವೆ. ಇವಕ್ಕೆ ಉಪ್ಪಿನ, ಖನಿಜದ ಕೊರತೆ ಇರಬಹುದೇ? ಹಸುವಿಗೆ ಹಾಕುವ ಮಿನರಲ್ ಮಿಕ್ಸ್ಚರ್ ಮನೆಯಲ್ಲೇ ಇದೆ. ಮಳೆಗಾಲದಲ್ಲಿ ಕೊಡುವ ಸಕ್ಕರೆ ಪಾಕಕ್ಕೆ ಅದನ್ನು ಸ್ವಲ್ಪ ಬೆರೆಸಿದರೆ ನೊಣಗಳ ಆರೋಗ್ಯಕ್ಕೆ ಒಳ್ಳೆಯದಲ್ಲವೇ?

ಉತ್ತರ: ಬೆರೆಸಬೇಡಿ. ನಿಮ್ಮ ಅನುಮಾನ ಮುಕ್ಕಾಲು ಪಾಲು ಸರಿ, ಉಪಾಯ ಮಾತ್ರ ಪೂರ್ತಿ ತಪ್ಪು. ಮಳೆ ಹಿಡಿಯುವ ಹೊತ್ತಿಗೆ ಈ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತದೆ. ಒಬ್ಬರು ಕಲ್ಲುಪ್ಪು ಎನ್ನುತ್ತಾರೆ, ಇನ್ನೊಬ್ಬರು ಬೆಲ್ಲ ಎನ್ನುತ್ತಾರೆ, ಮತ್ತೊಬ್ಬರು ಮೇಳದಲ್ಲಿ ಕೊಂಡ ‘ಶಕ್ತಿವರ್ಧಕ’ದ ಬಾಟಲಿ ಹಿಡಿದು ನಿಂತಿರುತ್ತಾರೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ಗಂಜಲದ ವಿಚಾರ. ಗಿಡಮರಗಳು ಸೋಡಿಯಂ ಇಲ್ಲದೆಯೂ ಬದುಕುತ್ತವೆ, ಪೊಟ್ಯಾಸಿಯಂ ಇಲ್ಲದೆ ಬದುಕಲಾರವು. ಅವುಗಳ ಪರಾಗದಲ್ಲೂ ಅದೇ ಲೆಕ್ಕ: ಪೊಟ್ಯಾಸಿಯಂ, ರಂಜಕ (ಫಾಸ್ಫರಸ್) ಧಾರಾಳ, ಸೋಡಿಯಂ ಮಾತ್ರ ಜಿಪುಣ. ಸಸ್ಯವನ್ನೇ ನಂಬಿದ ಪ್ರಾಣಿಗಳೆಲ್ಲ ಉಪ್ಪಿಗೆ ಹಾತೊರೆಯುವುದು ಇದಕ್ಕೇ. ಹಸು ಉಪ್ಪಿನ ಇಟ್ಟಿಗೆ ನೆಕ್ಕುತ್ತದೆ, ಚಿಟ್ಟೆ ಒದ್ದೆ ಮಣ್ಣಿನ ಮೇಲೆ ಕೂರುತ್ತದೆ, ಜೇನು ಗಂಜಲಕ್ಕೆ ಹೋಗುತ್ತದೆ. 1940ರಷ್ಟು ಹಿಂದೆಯೇ ಇಂಗ್ಲೆಂಡಿನ ಸಿ. ಜಿ. ಬಟ್ಲರ್ ಜೇನುನೊಣ ಯಾವ ನೀರನ್ನು ಆರಿಸುತ್ತದೆ ಎಂದು ಪರೀಕ್ಷಿಸಿ, ಕೊಳಕು ನೀರಿನ ಕಡೆಗೆ ಅದರ ಒಲವನ್ನು ದಾಖಲಿಸಿದ್ದರು. ಅದರಲ್ಲಿ ವಾಸನೆಯ ಪಾಲೂ ಇದೆ. ಶುದ್ಧ ನೀರಿಗೆ ವಾಸನೆಯಿಲ್ಲ, ಹುಡುಕುವ ನೊಣಕ್ಕೆ ಅದು ಸಿಗುವುದೇ ಕಷ್ಟ.

2016ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಇದನ್ನು ಇನ್ನೂ ಹತ್ತಿರದಿಂದ ನೋಡಿದರು. ನೀರು ತರುವ ನೊಣದ ಮೀಸೆಗೆ ಒಂದೊಂದು ಲವಣದ ದ್ರಾವಣವನ್ನು ತಾಗಿಸುವುದು, ಅದು ನಾಲಗೆ ಚಾಚುತ್ತದೆಯೇ ಎಂದು ಕಾಯುವುದು. ಬೇಕೆನಿಸಿದರೆ ಚಾಚುತ್ತದೆ, ಬೇಡವಾದರೆ ಇಲ್ಲ. ನೂರಕ್ಕೆ ಒಂದೂವರೆಯಿಂದ ಮೂರರಷ್ಟು ಸೋಡಿಯಂ ಇದ್ದಾಗ ಅತಿ ಹೆಚ್ಚು ನೊಣಗಳು ನಾಲಗೆ ಚಾಚಿದವು. ಮೆಗ್ನೀಸಿಯಂ ಕೂಡ ಹಿಡಿಸಿತು. ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ತೀರ ತೆಳುವಾಗಿದ್ದಾಗ ಬಿಟ್ಟರೆ ಮಿಕ್ಕಂತೆ ಬೇಡವಾದವು. ಪರಾಗದಲ್ಲಿ ಸಾಕಷ್ಟು ಇರುವುದನ್ನು ನೀರಿನಲ್ಲೂ ಏಕೆ ಹೊರಬೇಕು? ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದವರು ಋತುಮಾನವನ್ನೂ ಸೇರಿಸಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಸೋಡಿಯಂ ಆಸೆ ಬೇಸಿಗೆಯಲ್ಲೂ ಶರತ್ಕಾಲದಲ್ಲೂ ಇರುತ್ತದೆ. ಹೂವು ಕಡಿಮೆಯಾಗಿ ಪರಾಗ ಇಳಿಮುಖವಾದಾಗ ಮಾತ್ರ ನೊಣಗಳು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ನೀರಿನತ್ತಲೂ ತಿರುಗುತ್ತವೆ. ಅಂದರೆ ಕುಟುಂಬಕ್ಕೆ ಏನು ಕಡಿಮೆ ಬಿದ್ದಿದೆ ಎಂಬುದು ನಮಗಿಂತ ಮೊದಲು ನೀರು ತರುವ ನೊಣಕ್ಕೆ ಗೊತ್ತು. ನಾನು ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆಯೇ ನಿಂತಿದೆ.

ಈಗ ಪಾಕದ ವಿಚಾರ. ಜೇನಿಗೆ ಎಷ್ಟು ಖನಿಜ ಬೇಕು ಎಂದು ಅಳೆದವರಲ್ಲಿ ಮುಖ್ಯರು ಅಮೆರಿಕದ ಹರ್ಬರ್ಟ್ ಮತ್ತು ಶಿಮಾನುಕಿ. 1978ರಲ್ಲಿ ಅವರು ಕೃತಕ ಆಹಾರಕ್ಕೆ ಪರಾಗವನ್ನು ಸುಟ್ಟ ಬೂದಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿ ಕೊಟ್ಟು, ಎಷ್ಟು ಮರಿ ಬೆಳೆಯುತ್ತವೆ ಎಂದು ನೋಡಿದರು. ಬೂದಿ ನೂರಕ್ಕೆ ಒಂದರ ಆಸುಪಾಸಿನಲ್ಲಿದ್ದಾಗ ಮರಿ ಚೆನ್ನಾಗಿ ಬಂದವು. ಅದನ್ನು ಹೆಚ್ಚಿಸುತ್ತಾ ಹೋದಂತೆ ಮರಿ ಕಡಿಮೆಯಾದವು. ಹರ್ಬರ್ಟ್ ಮುಂದೆ ಸೂಚಿಸಿದ ಅಳತೆಯೂ ಅಚ್ಚರಿ ಹುಟ್ಟಿಸುವಷ್ಟು ಸಣ್ಣದು. ಒಂದು ಕಿಲೊ ಆಹಾರಕ್ಕೆ ಪೊಟ್ಯಾಸಿಯಂ 1 ಗ್ರಾಂ, ಕ್ಯಾಲ್ಸಿಯಂ ಅರ್ಧ ಗ್ರಾಂ, ಮೆಗ್ನೀಸಿಯಂ 0.3 ಗ್ರಾಂ. ಸೋಡಿಯಂ, ಸತು, ಮ್ಯಾಂಗನೀಸ್, ಕಬ್ಬಿಣ, ತಾಮ್ರ ತಲಾ 50 ಮಿಲಿಗ್ರಾಂ. ಸೋಡಿಯಂ ಮತ್ತು ಕ್ಯಾಲ್ಸಿಯಂ ಅತಿಯಾದರೆ ನೊಣಕ್ಕೆ ವಿಷ ಎಂಬ ಎಚ್ಚರಿಕೆಯೂ ಜೊತೆಗಿದೆ.

ಇದನ್ನು ನಿಮ್ಮ ಕೊಟ್ಟಿಗೆಯ ಪೊಟ್ಟಣದ ಪಕ್ಕ ಇಟ್ಟು ನೋಡಿ. ಹಸುವಿನ ಖನಿಜ ಮಿಶ್ರಣಕ್ಕೆ ಭಾರತೀಯ ಮಾನಕ ಹೇಳುವುದು ಕನಿಷ್ಠ 20 ಶೇಕಡಾ ಕ್ಯಾಲ್ಸಿಯಂ, 12 ಶೇಕಡಾ ರಂಜಕ. ಹಾಲು ಕರೆಯುವ, ಎಲುಬಿರುವ ಪ್ರಾಣಿಗೆ ಅದು ನ್ಯಾಯವೇ. ಜೇನಿಗೆ ಎಲುಬೂ ಇಲ್ಲ, ಕರೆಯುವ ಹಾಲೂ ಇಲ್ಲ. ಅದರ ಹೊರಕವಚ ಕೈಟಿನ್ ಮತ್ತು ಪ್ರೋಟೀನಿನದು, ಸುಣ್ಣದ್ದಲ್ಲ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಪೊಟ್ಯಾಸಿಯಂಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಇನ್ನು ಒಂದು ಚಿಕ್ಕ ಚಮಚ, ಅಂದರೆ ಸುಮಾರು 5 ಗ್ರಾಂ ಪುಡಿಯನ್ನು ಒಂದು ಕಿಲೊ ಸಕ್ಕರೆಯ ಪಾಕಕ್ಕೆ ಹಾಕಿದರೆ ಒಂದು ಗ್ರಾಂ ಕ್ಯಾಲ್ಸಿಯಂ ಬಿತ್ತು, ಅಲ್ಲಿಗೇ ಅಳತೆಯ ಇಮ್ಮಡಿ. ಅದು ಕರಗುತ್ತದೆಯೇ ಎಂದರೆ ಅದೂ ಇಲ್ಲ. ಪಾಕವನ್ನು ಗಾಜಿನ ಲೋಟಕ್ಕೆ ಸುರಿದು ಒಂದು ರಾತ್ರಿ ಬಿಡಿ. ಬೆಳಗ್ಗೆ ತಳದಲ್ಲಿ ಬೂದು ಬಣ್ಣದ ಗಷ್ಟು ಕೂತಿರುತ್ತದೆ. ಅದು ಕ್ಯಾಲ್ಸಿಯಂ, ರಂಜಕ ಎರಡೂ ಇರುವ ಡೈಕ್ಯಾಲ್ಸಿಯಂ ಫಾಸ್ಫೇಟ್. ನೀರಿನಲ್ಲಿ ಕರಗಿ ಮೇಲೆ ಉಳಿಯುವುದು ತಾಮ್ರ, ಸತು, ಕಬ್ಬಿಣದ ಸಲ್ಫೇಟುಗಳು. ಹಾಗಾಗಿ ನೊಣ ಕುಡಿಯುವುದು ಸುಣ್ಣ ಕಳೆದುಳಿದ ಲೋಹದ ನೀರನ್ನು.

ಲೋಹಗಳ ವಿಷಯದಲ್ಲಿ ‘ಸ್ವಲ್ಪ ತಾನೇ’ ಎನ್ನುವ ಧೈರ್ಯ ಬೇಡ. ತಾಮ್ರ, ಸೆಲೆನಿಯಂ ಹೆಚ್ಚಾದರೆ ಮರಿಹುಳುಗಳು ಸಾಯುತ್ತವೆ. ಮ್ಯಾಂಗನೀಸ್ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ತೀರ ಕಡಿಮೆ ಪ್ರಮಾಣದಲ್ಲಿ ಉಂಡ ನೊಣಗಳು ಸಾಯಲಿಲ್ಲ. ಆದರೆ ಮರಿ ಸಾಕುವ ವಯಸ್ಸಿನಲ್ಲೇ ಹೊರಗಿನ ದುಡಿಮೆಗೆ ಹೊರಟವು, ಹೊರಟ ಮೇಲೂ ಕಡಿಮೆ ಸುತ್ತು ಹಾಕಿದವು. ಪೆಟ್ಟಿಗೆಯ ಮುಂದೆ ಸತ್ತ ನೊಣ ಕಾಣಲಿಲ್ಲ ಎಂದ ಮಾತ್ರಕ್ಕೆ ಪುಡಿ ನಿರಪಾಯ ಎನ್ನಲಾಗದು.

ಲಿಥಿಯಂ ಕಥೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಓದಿದವರು ಕೇಳಿಯೇ ಕೇಳುತ್ತಾರೆ. 2018ರಲ್ಲಿ ಜರ್ಮನಿಯ ಹೊಹೆನ್‌ಹೈಮ್ ವಿಶ್ವವಿದ್ಯಾಲಯದವರು ಪಾಕದಲ್ಲಿ ಲಿಥಿಯಂ ಕ್ಲೋರೈಡ್ ಕೊಟ್ಟರೆ ನೊಣದ ಮೈಮೇಲಿನ ವರೋವಾ ನುಸಿ ಸಾಯುತ್ತದೆ ಎಂದು ಪ್ರಕಟಿಸಿದರು. ಅವರು ಹುಡುಕುತ್ತಿದ್ದುದು ಬೇರೆಯದೇ ಔಷಧಿ. ಅದರ ತಯಾರಿಯಲ್ಲಿ ಬಳಸಿದ್ದ ಲಿಥಿಯಂ ಲವಣವೇ ನುಸಿಯನ್ನು ಕೊಲ್ಲುತ್ತಿತ್ತು. ಒಂದು ಖನಿಜದಿಂದ ನೇರ ಲಾಭ ಕಂಡ ಅಪರೂಪದ ಉದಾಹರಣೆ ಇದು. ಆದರೆ ಮುಂದಿನ ಪ್ರಯೋಗಗಳಲ್ಲಿ ಮರಿಗಳಿಗೆ ಹಾನಿ ಕಂಡಿತು. ನಮ್ಮ ತುಡುವೆಯಂತೂ ವರೋವಾದ ಮೂಲ ಆಶ್ರಯದಾತ. ಆ ನುಸಿಯನ್ನು ಉಜ್ಜಿ ಕೆಡವುವ ವಿದ್ಯೆ ಅದಕ್ಕೆ ಮೊದಲಿನಿಂದ ಗೊತ್ತು. ನಿಮ್ಮ ಆರು ಪೆಟ್ಟಿಗೆಗಳಿಗೆ ಲಿಥಿಯಂನಿಂದ ಆಗಬೇಕಾದ್ದೇನೂ ಇಲ್ಲ.

ಬೆಲ್ಲಕ್ಕೆ ಬರೋಣ. ‘ಸಕ್ಕರೆಯಲ್ಲಿ ಸತ್ವವಿಲ್ಲ, ಬೆಲ್ಲದಲ್ಲಿ ಖನಿಜವಿದೆ’ ಎಂಬ ಮಾತು ಮನುಷ್ಯರ ಮಟ್ಟಿಗೆ ಇರಲಿ. ಜೇನಿನ ವಿಷಯದಲ್ಲಿ ಬೆಲ್ಲಕ್ಕಿಂತ ಬಿಳಿ ಸಕ್ಕರೆ ಮೇಲು, ಖನಿಜವಿಲ್ಲ ಎಂಬ ಕಾರಣಕ್ಕೇ ಮೇಲು. ಪರಾಗವನ್ನು ಹೆಚ್ಚಾಗಿ ತಿನ್ನುವವು ಮರಿ ಸಾಕುವ ಎಳೆಯ ನೊಣಗಳು. ಸಕ್ಕರೆ ಇಡೀ ಕುಟುಂಬದ ಉರುವಲು, ಎಲ್ಲವೂ ದಿನವಿಡೀ ಉರಿಸುತ್ತವೆ. ಸಕ್ಕರೆ ಉರಿದರೆ ಉಳಿಯುವುದು ನೀರು ಮತ್ತು ಗಾಳಿ. ಅದರ ಜೊತೆಗೆ ಬಂದ ಖನಿಜ ಉರಿಯುವುದಿಲ್ಲ. ಅದು ಕರುಳಿನ ತುದಿಯಲ್ಲಿ ಜಮೆಯಾಗುತ್ತದೆ. ಜೇನುನೊಣ ಗೂಡಿನೊಳಗೆ ಮಲ ವಿಸರ್ಜಿಸುವುದಿಲ್ಲ, ಹಾರುವಾಗಲೇ ಹೊರಗೆ ಹಾಕಿ ಬರುತ್ತದೆ. ಆಷಾಢದ ಜಡಿಮಳೆಯಲ್ಲಿ ವಾರಗಟ್ಟಲೆ ಹಾರಲಾಗದಿದ್ದರೆ? ತಡೆದುಕೊಳ್ಳುವಷ್ಟು ತಡೆದುಕೊಂಡು ಕೊನೆಗೆ ಎರಿಯ (ಮೇಣದ ಹಲ್ಲೆಯ) ಮೇಲೆ, ಪ್ರವೇಶದ್ವಾರದ ಹಲಗೆಯ ಮೇಲೆ ಕಂದು ಗೀರುಗಳನ್ನು ಬಿಡುತ್ತದೆ. ನೊಣದ ಕರುಳಿಗೆ ಬರುವ ನೊಸೀಮಾ ರೋಗ ಹರಡುವುದು ಇಂಥ ಮಲದಿಂದಲೇ. ಯುರೋಪಿನವರು ಚಳಿಗಾಲಕ್ಕೆ ಹನಿಡ್ಯೂ ಜೇನನ್ನು, ಅಂದರೆ ಗಿಡಹೇನಿನ ಸಿಹಿಯಿಂದ ಆದ ಕಪ್ಪು ಜೇನನ್ನು ಪೆಟ್ಟಿಗೆಯಲ್ಲಿ ಬಿಡಲು ಹೆದರುವುದೂ ಅದರಲ್ಲಿ ಖನಿಜ ಹೆಚ್ಚು ಎಂಬ ಕಾರಣಕ್ಕೆ. ಅಲ್ಲಿ ಹಿಮ, ಇಲ್ಲಿ ಮಳೆ. ನೊಣದ ಪಾಡು ಒಂದೇ.

ಪಾಕಕ್ಕೆ ನೀವು ಬಳಸುವ ನೀರೂ ಖಾಲಿಯಲ್ಲ. ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣ ಸ್ವೀಕಾರಾರ್ಹ, ಬೇರೆ ದಾರಿಯಿಲ್ಲದಿದ್ದರೆ 2000ದವರೆಗೂ ಕುಡಿಯಬಹುದು. ಬಯಲುಸೀಮೆಯ ಬೋರ್‌ವೆಲ್ ನೀರಾದರೆ ನೀವು ಬೇಡವೆಂದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಪಾಕದೊಳಗೆ ಬಂದಾಯಿತು. ಮಲೆನಾಡಿನ ಬಾವಿ ನೀರು ಮೃದು, ಪಾಕಕ್ಕೆ ಅದೇ ಉತ್ತಮ.

ಹಾಗಾದರೆ ಖನಿಜದ ಕೊರತೆ ಎಂಬುದೇ ಇಲ್ಲವೇ? ಇದೆ. ಆದರೆ ಅದು ಒಂಟಿಯಾಗಿ ಬರುವುದಿಲ್ಲ, ಪರಾಗದ ಕೊರತೆಯ ಬೆನ್ನಿಗೆ ಬರುತ್ತದೆ. ಪರಾಗವನ್ನು ಸುಟ್ಟರೆ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ನಾಲ್ಕರಷ್ಟು ಬೂದಿ ಉಳಿಯುತ್ತದೆ, ಅಂದರೆ ಹರ್ಬರ್ಟರ ಒಂದಕ್ಕಿಂತ ಹೆಚ್ಚೇ. ಪರಾಗ ಬರುತ್ತಿರುವ ಕುಟುಂಬಕ್ಕೆ ಖನಿಜದ ಚಿಂತೆ ಬೇಡ. ಪರಾಗವೇ ಬಾರದ ಕುಟುಂಬಕ್ಕೆ ಮೊದಲು ಇಲ್ಲವಾಗುವುದು ಪ್ರೋಟೀನು. ಆಗ ಬರೀ ಖನಿಜ ಕೊಟ್ಟು ಪ್ರಯೋಜನವಿಲ್ಲ.

ಮಳೆ ಬಿಡುವು ಕೊಟ್ಟ ದಿನ ಸಂಸಾರ ಕೋಣೆಯಿಂದ, ಅಂದರೆ ಮರಿ ಸಾಕುವ ಕೆಳಗಿನ ಕೋಣೆಯಿಂದ, ನಡುವಿನ ಚೌಕಟ್ಟೊಂದನ್ನು ಎತ್ತಿ, ಬೆಳಕು ಬೆನ್ನ ಹಿಂದಿನಿಂದ ಬೀಳುವಂತೆ ಹಿಡಿಯಿರಿ. ಎಳೆಯ ಮರಿಹುಳು ಕೋಶದ ತಳದಲ್ಲಿ ಹಾಲಿನಂಥ ದ್ರವದ ಮೇಲೆ ಅರ್ಧಚಂದ್ರದಂತೆ ಮಲಗಿ ಮಿನುಗುತ್ತಿದ್ದರೆ ಸಾಕುವ ನೊಣಗಳಿಗೆ ಊಟ ಸಿಗುತ್ತಿದೆ ಎಂದರ್ಥ. ಹುಳು ಒಣಗಿದ ತಳದಲ್ಲಿ ಮಲಗಿದ್ದರೆ, ಮರಿಗಳ ಸುತ್ತ ಹಳದಿ, ಕೇಸರಿ, ಬೂದು ಪರಾಗದ ಕೋಶಗಳ ಪಟ್ಟಿ ಇಲ್ಲದಿದ್ದರೆ ಕೊರತೆ ಖಚಿತ. ಮೊಟ್ಟೆಗಳಿವೆ, ದೊಡ್ಡ ಹುಳುಗಳಿಲ್ಲ ಎಂದರೆ ಇನ್ನೂ ಕೆಟ್ಟ ಸ್ಥಿತಿ: ಸಾಕಲಾಗದ ಮರಿಗಳನ್ನು ನೊಣಗಳೇ ತಿಂದುಬಿಟ್ಟಿವೆ. ಹುಳು ತಲೆ ಮೇಲೆತ್ತಿ ಸತ್ತಿದ್ದು, ಚಿಮುಟದಲ್ಲಿ ಎಳೆದರೆ ನೀರು ತುಂಬಿದ ಚೀಲದಂತೆ ಬಂದರೆ ಮಾತ್ರ ಕಥೆ ಬೇರೆ. ಅದು ಥಾಯ್ ಸ್ಯಾಕ್‌ಬ್ರೂಡ್, ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ತುಡುವೆ ಸಾಕಣೆಯನ್ನೇ ನೆಲಕಚ್ಚಿಸಿದ ವೈರಸ್. ಅದಕ್ಕೆ ಖನಿಜ ಮದ್ದಲ್ಲ. ಯಾವ ಬಾಟಲಿಯ ಚೀಟಿ ಏನೇ ಹೇಳಲಿ, ಅದನ್ನು ನಂಬಿ ಕಾಲ ಕಳೆದರೆ ಪಕ್ಕದ ಪೆಟ್ಟಿಗೆಗೂ ರೋಗ ದಾಟುತ್ತದೆ.

ಪರಾಗದ ಕೊರತೆಗೆ ಮದ್ದು ಪರಾಗವೇ, ಅದು ಸಿಗದಾಗ ಅದರ ಬದಲಿ ಆಹಾರ. ಕೊಬ್ಬು ತೆಗೆದ ಸೋಯಾ ಹಿಟ್ಟು, ಬ್ರೂವರ್ಸ್ ಯೀಸ್ಟ್, ಸಕ್ಕರೆ ಪುಡಿ ಸೇರಿಸಿ, ನಿಮ್ಮದೇ ಆರೋಗ್ಯವಂತ ಪೆಟ್ಟಿಗೆಯ ಜೇನಿನಲ್ಲಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ತಟ್ಟಿ ಚೌಕಟ್ಟುಗಳ ಮೇಲಿಡಬಹುದು. ಯೀಸ್ಟಿನಲ್ಲೂ ಸೋಯಾದಲ್ಲೂ ಪೊಟ್ಯಾಸಿಯಂ, ರಂಜಕ, ಸತು ಇದ್ದೇ ಇವೆ, ಮೇಲೆ ಬೇರೆ ಉದುರಿಸಬೇಕಿಲ್ಲ. ಹಾಲಿನ ಪುಡಿ ಸೇರಿಸುವುದಾದರೆ ಕೈ ಬಿಗಿ ಹಿಡಿಯಿರಿ, ಹಾಲಿನ ಸಕ್ಕರೆ ನೊಣಕ್ಕೆ ಒಗ್ಗದು. ಅಂಗಡಿಯ ಜೇನು ಬೇಡ, ರೋಗ ಕೊಂಡು ತಂದಂತೆ.

ಇದಕ್ಕಿಂತ ಒಳ್ಳೆಯ ದಾರಿ ತೋಟದಲ್ಲೇ ಇದೆ. ತೆಂಗು ವರ್ಷವಿಡೀ ಪರಾಗ ಕೊಡುತ್ತದೆ. ಸೌತೆ, ಹೀರೆ, ಕುಂಬಳದ ಚಪ್ಪರಗಳು, ಮೆಕ್ಕೆಜೋಳದ ಸಾಲು ಮಳೆಗಾಲದ ಆಸರೆ. ಎಲ್ಲಕ್ಕಿಂತ ಮಿಗಿಲಾಗಿ ಮುಟ್ಟಿದರೆ ಮುನಿ. ಮಳೆ ಸಣ್ಣಗಾಗುವ ಹೊತ್ತಿಗೆ ಅದು ಗುಲಾಬಿ ಚೆಂಡುಗಳನ್ನು ಬಿಟ್ಟಾಗ ಬೆಳಗಿನ ಹೊತ್ತು ನೊಣಗಳು ಕಾಲು ತುಂಬ ಪರಾಗ ಹೊತ್ತು ಬರುತ್ತವೆ. ಸರಿಯಾಗಿ ಅದೇ ವಾರ ನಾವು ಕಳೆ ಕೊಚ್ಚುವ ಯಂತ್ರ ಹೊರಡಿಸಿ ಎಲ್ಲವನ್ನೂ ನುಣ್ಣಗೆ ಮಾಡಿಬಿಡುತ್ತೇವೆ! ಬೇಲಿಯಂಚಿನ ನಾಲ್ಕು ಮಾರು ಬಿಟ್ಟರೂ ಸಾಕು. ರಬ್ಬರ್ ತೋಟದವರು ಇನ್ನಷ್ಟು ಎಚ್ಚರವಾಗಿರಬೇಕು. ರಬ್ಬರಿನ ಸಿಹಿ ಬರುವುದು ಎಲೆಯ ತೊಟ್ಟಿನ ಗ್ರಂಥಿಯಿಂದ, ಹೂವಿನಿಂದಲ್ಲ. ಜೇನು ಕೋಣೆ ತುಂಬಿ ತುಳುಕುತ್ತಿರುವಾಗಲೇ ಸಂಸಾರ ಕೋಣೆಯಲ್ಲಿ ಪರಾಗದ ಬರ ಇರಬಹುದು.

ಉಪ್ಪಿನ ಆಸೆಯನ್ನು ತೀರಿಸುವುದು ಸುಲಭ, ಆದರೆ ಪಾಕದಲ್ಲಲ್ಲ. ಮಳೆಗಾಲದಲ್ಲಿ ಹೊರಗೆ ಹೂವಿಲ್ಲ. ಪಾಕದಲ್ಲಿ ಏನಿದ್ದರೂ ನೊಣ ಹಸಿವಿಗೆ ಕುಡಿಯಲೇಬೇಕು. ನೀರಿನ ಬಟ್ಟಲಾದರೆ ಬೇಕಾದಾಗ ಬರುತ್ತದೆ, ಬೇಡವಾದರೆ ಬಿಡುತ್ತದೆ. ಅದಕ್ಕೇ ಎರಡು ಅಗಲವಾದ ಮಣ್ಣಿನ ತಟ್ಟೆಗಳನ್ನು ಪೆಟ್ಟಿಗೆಗಳಿಂದ ಹತ್ತಿಪ್ಪತ್ತು ಮೀಟರ್ ದೂರದಲ್ಲಿ, ಬಿಸಿಲು ತಾಗುವ ಕಡೆ ಇಡಿ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಲೀಟರಿಗೆ ಎರಡು ಮೂರು ಗ್ರಾಂ, ಅಂದರೆ ಸುಮಾರು ಅರ್ಧ ಚಿಕ್ಕ ಚಮಚ ಉಪ್ಪು ಕರಗಿಸಿದ ನೀರು. ಎರಡರಲ್ಲೂ ಕಲ್ಲು, ತೆಂಗಿನ ನಾರು, ಪಾಚಿ ಹಾಕಿ, ಕೂರಲು ಜಾಗವಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಆವಿಯಾದ ಉಪ್ಪುನೀರು ಗಟ್ಟಿಯಾಗುತ್ತಾ ಹೋಗುವುದರಿಂದ ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿ. ಒಮ್ಮೆ ಗಂಜಲದ ದಾರಿ ಹಿಡಿದ ನೊಣಗಳನ್ನು ತಿರುಗಿಸುವುದು ಕಷ್ಟ. ಆದ್ದರಿಂದ ಬಿಸಿಲು ಏರುವ ಮುಂಚೆ, ಸಂಕ್ರಾಂತಿಯ ಆಸುಪಾಸಿನಲ್ಲೇ ತಟ್ಟೆಗಳನ್ನು ಇಟ್ಟು, ಮೊದಲ ಕೆಲವು ದಿನ ನೀರಿಗೆ ಒಂದಿಷ್ಟು ಸಕ್ಕರೆ ಹಾಕಿ ರೂಢಿ ಮಾಡಿಸಿ. ಆಮೇಲೂ ನಾಲ್ಕಾರು ನೊಣ ಚರಂಡಿಗೆ ಹೋದರೆ ಹೋಗಲಿ ಬಿಡಿ. ಕೀಟನಾಶಕದ ಡಬ್ಬಿ, ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಣೆಯ ಡ್ರಮ್ಮು ತೊಳೆದ ನೀರು ಮಾತ್ರ ಆ ಚರಂಡಿಗೆ ಸೇರದಂತೆ ನೋಡಿಕೊಳ್ಳಿ.